ನಿಂತವರನ್ನು ಕೇಳಿದವಳು

ಆ ಊರಿನಲ್ಲಿ ಚುನಾವಣೆಗೆ ನಿಂತವರು ಬೆಳೆಯುತ್ತಿದ್ದರು.

ಊರ ನಡುವಿನ ಕಟ್ಟೆ ಹತ್ತಿದ ದಿನ ಅವರು ಎಲ್ಲರ ಹಾಗೆ ಒಂದಾಳು ಎತ್ತರ. ಮರುದಿನ ಎರಡಾಳು. ಮೂರನೆಯ ದಿನ ಮೂರಾಳು. ಒಂಬತ್ತನೆಯ ದಿನ, ಊರಿನವರು ಬೀಜ ಹಾಕುವ ಹೊತ್ತಿಗೆ, ಅವರು ಒಂಬತ್ತಾಳು ಎತ್ತರಕ್ಕೆ ಹೋಗಿರುತ್ತಿದ್ದರು. ಮುಖ ಬಿಸಿಲಿನಲ್ಲಿ ಕರಗಿ, ಮಾತು ಗಾಳಿಯಲ್ಲಿ ಕರಗಿ, ಕೆಳಗೆ ನಿಂತವರ ಕಣ್ಣಿಗೆ ಉಳಿಯುತ್ತಿದ್ದದ್ದು ಅವರ ಪಾದಗಳು ಮಾತ್ರ.

ಪಾದ ನೋಡಿಯೇ ಊರು ಆರಿಸುತ್ತಿತ್ತು. ಹೂ ಏರಿಸುವುದು ಪಾದಕ್ಕೆ, ಹಣೆ ಹಚ್ಚುವುದು ಪಾದಕ್ಕೆ. ಪ್ರತಿಯೊಬ್ಬರ ಪಾದದ ಮುಂದೆ ಒಂದು ಮಡಕೆ ಇರುತ್ತಿತ್ತು, ಮಡಕೆಯ ಬಾಯಿಗೆ ಬಟ್ಟೆ. ಹರೆಯಕ್ಕೆ ಬಂದ ಗಂಡು ಹೆಣ್ಣು ಎಲ್ಲರೂ ಒಂದೊಂದು ಹುಣಸೆಬೀಜ ಹಿಡಿದು ಬರುತ್ತಿದ್ದರು. ಎಲ್ಲ ಮಡಕೆಗಳ ಬಟ್ಟೆಯೊಳಗೂ ಕೈಯಿಟ್ಟು, ಬೀಜ ಎಲ್ಲಿ ಬಿಟ್ಟೆವೆಂದು ಯಾರಿಗೂ ತಿಳಿಯದ ಹಾಗೆ ಕೈ ಹೊರಗೆ ತೆಗೆಯುತ್ತಿದ್ದರು. ಯಾರ ಮಡಕೆಯಲ್ಲಿ ಬೀಜ ಹೆಚ್ಚೋ ಅವರಿಗೆ ಕೆರೆಯ ತೂಬಿನ ಕೀಲಿಕೈ. ಕೆರೆಯ ಕೆಳಗೆ ಮೂರು ಕೇರಿ, ಮೂರು ಕೇರಿಗೂ ನೀರು ಬಿಡುವ ತೂಬು ಒಂದೇ. ಕೀಲಿಕೈ ಹಿಡಿದವರು ಮತ್ತೆ ಒಂದಾಳು ಎತ್ತರಕ್ಕೆ ಇಳಿದು ಐದು ವರ್ಷ ಊರಿನ ಯಜಮಾನರಾಗಿರುತ್ತಿದ್ದರು.

ದಿನವೂ ಬೆಳಗ್ಗೆ ಡಂಗುರದವನು ಕಟ್ಟೆಯನ್ನು ಮೂರು ಸುತ್ತು ಸುತ್ತಿ ಸಾರುತ್ತಿದ್ದ: "ನಿಂತವರನ್ನ ಕೇಳಬಾರದು! ಕೇಳಿದವರ ನಾಲಗಿ ಬಿದ್ದು ಹೋಗ್ತೈತಿ!"

ಇದಕ್ಕೆ ಸಾಕ್ಷಿ ಊರ ಅಗಸೆಬಾಗಿಲಲ್ಲಿ ಕೂತಿದ್ದ ಮುದುಕ. ಹರೆಯದಲ್ಲಿ ಒಮ್ಮೆ ಅವನು ನಿಂತವರನ್ನು ಏನೋ ಕೇಳಿದನಂತೆ. ಅಂದಿನಿಂದ ನಲವತ್ತು ವರ್ಷ ಅವನ ಬಾಯಿಂದ ಒಂದು ಅಕ್ಷರ ಹೊರಬಿದ್ದಿರಲಿಲ್ಲ. ತಾಯಂದಿರು ಮಕ್ಕಳಿಗೆ ಅವನನ್ನು ತೋರಿಸಿ ಹೆದರಿಸುತ್ತಿದ್ದರು.

ಬೀಜದ ಮಡಕೆ ಮಾಡುತ್ತಿದ್ದವಳು ಬಾಳವ್ವ. ಕೆಳಗಿನ ಕೇರಿಯವಳು, ನಲವತ್ತೈದರ ಹೆಂಗಸು, ಗಟ್ಟಿ ಮಣಿಕಟ್ಟಿನವಳು. ಹಿಂದಿನ ಚುನಾವಣೆಯಲ್ಲಿ ಅವಳು ಒಂದು ಜೊತೆ ಪಾದ ಮೆಚ್ಚಿದ್ದಳು. ಅಗಲವಾದ ಪಾದ, ತುಂಬಿದ ಹಿಮ್ಮಡಿ, ಬೆರಳುಗಳು ನೆಲವನ್ನು ಬಿಗಿಯಾಗಿ ಹಿಡಿದಿದ್ದವು. ಇದು ಕಷ್ಟಕ್ಕೆ ಓಡಿಹೋಗುವ ಪಾದವಲ್ಲ ಎಂದುಕೊಂಡು ಬೀಜ ಹಾಕಿದಳು. ಊರೂ ಹಾಗೇ ಅಂದುಕೊಂಡಿತು. ಆ ಪಾದ ಗೆದ್ದಿತು.

ಎರಡನೆಯ ವರ್ಷ ದೊಡ್ಡ ಮಳೆ ಬಂತು. ಕೆರೆ ಏರಿತು, ಇನ್ನೂ ಏರಿತು. ತೂಬು ತೆರೆಯಬೇಕಿತ್ತು, ತೆರೆಯಲಿಲ್ಲ. ಕೆರೆಯ ಏರಿ, ನೀರು ತಡೆದಿದ್ದ ಮಣ್ಣಿನ ಒಡ್ಡು, ಒಂದು ಕಡೆ ಒಡೆದು ನೀರು ಕೆಳಗಿನ ಕೇರಿಗೆ ನುಗ್ಗಿತು. ಹನ್ನೊಂದು ಜನ ಹೋದರು. ಆ ಹನ್ನೊಂದರಲ್ಲಿ ಬಾಳವ್ವನ ಗಂಡನೂ ಒಬ್ಬ.

ನೀರು ಇಳಿದ ಮೇಲೆ ಯಜಮಾನ ಕೆಳಗಿನ ಕೇರಿಗೆ ಬಂದ. ಗೆದ್ದ ಮೇಲೆ ಅವನು ಆ ಕಡೆ ಬಂದಿರಲಿಲ್ಲ, ಬಾಳವ್ವ ಅವನ ಮುಖವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೆತ್ತನೆಯ, ಗಾಬರಿಗೊಂಡ ಮುಖ. ಕೈಯಲ್ಲಿ ಕೀಲಿಕೈ ಇತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ ಇಟ್ಟಿದ್ದ, ಒಮ್ಮೆಯೂ ಬಳಸಿರಲಿಲ್ಲ. ಕೆಸರಿನಲ್ಲಿ ನಿಂತವರನ್ನು ಅವನು ಕೇಳಿದ:

"ತೂಬು ಯಾವ ಕಡೆ ಐತಿ?"

ಊರಿನವರು ಅವನನ್ನು ಬೈದರು. ಬಾಳವ್ವ ಬೈಯಲಿಲ್ಲ. ಬೀಜ ಹಾಕಿದ್ದ ತನ್ನ ಬಲಗೈಯನ್ನೇ ಬಹಳ ಹೊತ್ತು ನೋಡಿಕೊಂಡಳು.

ಒಡೆದ ಏರಿಗೆ ಮಣ್ಣು ಮೆತ್ತಿದರು. ಮತ್ತೆ ಮೂರು ವರ್ಷ ಕಳೆದು ಇನ್ನೊಂದು ಚುನಾವಣೆ ಬರುವ ಹೊತ್ತಿಗೆ ಆ ಮೆತ್ತಿದ ಮಣ್ಣಿನಲ್ಲಿ ಒಂದು ಒದ್ದೆ ಗೆರೆ ಕಾಣಿಸಿಕೊಂಡಿತ್ತು. ಬೇಸಿಗೆಯಲ್ಲೂ ಆರದ ಗೆರೆ. ಕೆಳಗಿನ ಕೇರಿಯವರು ದಿನವೂ ಬೆಳಗ್ಗೆ ಎದ್ದು ಮೊದಲು ಅದನ್ನು ನೋಡುತ್ತಿದ್ದರು. ಮಳೆಗಾಲಕ್ಕೆ ಎರಡು ತಿಂಗಳಿತ್ತು.

ಈ ಸಲ ಕಟ್ಟೆ ಹತ್ತಿದವರು ಮೂವರು. ಮೊದಲನೆಯವನು ಮೇಲಿನ ಕೇರಿಯವನು, ಕಾಲಿಗೆ ಚಡಾವು, ಜರಿಯ ಜೋಡು, ಮೆಟ್ಟಿದ್ದ. ಅವನನ್ನು ಚಡಾವಿನವನು ಎಂದೇ ಕರೆದರು. ಎರಡನೆಯವನು ಬಾಳವ್ವನ ಒಡಹುಟ್ಟಿದ ತಮ್ಮ ಭರಮ. ನಡುವಿನ ಕೇರಿಗೆ ಅಳಿಯನಾಗಿ ಹೋಗಿದ್ದವನು, ಹಾಲಿನಲ್ಲಿ ತೊಳೆದಂಥ ಪಾದ. ಮೂರನೆಯವಳು ಕೆರೆಯಲ್ಲಿ ಬಲೆ ಬೀಸುವ ಒಬ್ಬ ಹೆಂಗಸು. ಕೆರೆಯ ಆಚೆ ದಂಡೆಯಲ್ಲಿ ಒಂಟಿಯಾಗಿರುತ್ತಿದ್ದ ಅವಳ ಹೆಸರೂ ಹೆಚ್ಚಿನವರಿಗೆ ಗೊತ್ತಿರಲಿಲ್ಲ, ಬಲೆಯವಳು ಅಂದರು. ಅವಳ ಹಿಮ್ಮಡಿ ಬೇಸಿಗೆಯ ಗದ್ದೆಯ ಹಾಗೆ ಒಡೆದಿತ್ತು. "ಇಂಥಾ ಕಾಲು ತಗೊಂಡು ಕಟ್ಟಿ ಹತ್ತೂದಾ?" ಎಂದು ಜನ ಮೂಗು ಮುರಿದರು. ನಿಜ ಹೇಳಬೇಕೆಂದರೆ ಬಾಳವ್ವನಿಗೂ ಆ ಪಾದ ಹಿಡಿಸಲಿಲ್ಲ.

ಮೂರು ಮಡಕೆಗಳನ್ನು ಕಟ್ಟೆಯ ಮುಂದೆ ಇಟ್ಟು ಬಂದ ಬಾಳವ್ವ ಒಂದು ಬುಟ್ಟಿ ತುಂಬ ಮಡಕೆಚೂರು, ಒಂದು ಹಿಡಿ ಇದ್ದಿಲು ತೆಗೆದುಕೊಂಡು ಮನೆಮನೆಗೆ ಹೊರಟಳು.

"ನಿಮ್ಮ ಮನಿದು ಒಂದು ಪ್ರಶ್ನೆ ಕೊಡ್ರಿ," ಎಂದು ಕೇಳಿದಳು. "ನಿಂತವರಿಗೆ ಏನು ಕೇಳಬೇಕಂತೀರಿ, ಇದರ ಮ್ಯಾಲ ಬರದು ಕೊಡ್ರಿ. ಬರಿಯಾಕ ಬರದಿದ್ರ ಚಿತ್ರ ತಗೀರಿ."

ಬಾಗಿಲುಗಳು ಮುಚ್ಚಿದವು. ಕೆಲವರು ಕಿಟಕಿಯಿಂದಲೇ ಕೈ ಅಲ್ಲಾಡಿಸಿದರು. ಮೇಲಿನ ಕೇರಿಯಲ್ಲಿ ಹಪ್ಪಳ ಒಣಹಾಕುತ್ತಿದ್ದ ಒಬ್ಬ ಅಜ್ಜಿ ಮಾತ್ರ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನಾಲಗಿ ಬಿದ್ದರ ಏನು ಮಾಡ್ತಿಯವ್ವಾ?"

"ಕೇಳಾಕಿ ನಾನು, ಆಯೀ. ಬಿದ್ದರ ನಂದು ಬೀಳ್ತೈತಿ. ನೀವು ಪ್ರಶ್ನೆ ಅಷ್ಟ ಕೊಡ್ರಿ."

ಅಜ್ಜಿ ಕೈಗಂಟಿದ ಹಿಟ್ಟು ಒರೆಸಿಕೊಂಡು ಇದ್ದಿಲು ತೆಗೆದುಕೊಂಡಳು. ಚೂರಿನ ಮೇಲೆ ಅರ್ಧ ತುಂಬಿದ ಒಂದು ಕೊಡ, ಅದರ ಮುಂದೆ ಮೂರು ಮನೆ ಬರೆದಳು. ನೀರು ಕಡಿಮೆ ಬಿದ್ದಾಗ ಮೊದಲು ಯಾರ ಕೇರಿಗೆ? "ಅರವತ್ತು ವರ್ಷ ಆತು ಇದನ್ನ ಹೊಟ್ಟಿಯೊಳಗ ಇಟಗೊಂಡು," ಎಂದಳು.

ಅಜ್ಜಿ ಕೊಟ್ಟಳು ಎಂದು ಪಕ್ಕದ ಮನೆಯವರು ಕೊಟ್ಟರು. ಅವರು ಕೊಟ್ಟರೆಂದು ಎದುರು ಮನೆಯವರು. ನಡುವಿನ ಕೇರಿಯ ನೇಕಾರ ಕೊಟ್ಟ, ಕೆಳಗಿನ ಕೇರಿಯಲ್ಲಿ ಇಬ್ಬರು ಮಕ್ಕಳನ್ನು ನೀರಿಗೆ ಕಳೆದುಕೊಂಡ ತಾಯಿ ಕೊಟ್ಟಳು. ಮೂರು ದಿನಕ್ಕೆ ಬುಟ್ಟಿ ತುಂಬಿತು. ಬಾಳವ್ವ ಮನೆಯಂಗಳದಲ್ಲಿ ಚೂರುಗಳನ್ನು ಹರವಿಕೊಂಡು ಕೂತಳು. ನೂರಾರು ಚೂರು, ನೂರಾರು ಕೈ. ಆದರೆ ಪ್ರಶ್ನೆ ಮತ್ತೆ ಮತ್ತೆ ಅವೇ ಮೂರು. ತೂಬಿಗೆ ನೀನು ಇಳಿದಿದ್ದೀಯಾ, ಅದಕ್ಕೆ ಎಷ್ಟು ಮೆಟ್ಟಿಲು? ಏರಿಯ ಒದ್ದೆ ಗೆರೆಗೆ ಏನು ಮಾಡುತ್ತೀಯ? ನೀರು ಕಡಿಮೆಯಾದರೆ ಮೊದಲು ಯಾರಿಗೆ? ಒಬ್ಬರಿಗೊಬ್ಬರು ಹೇಳದೆ ಊರೆಲ್ಲ ಇದನ್ನೇ ಬಚ್ಚಿಟ್ಟುಕೊಂಡಿತ್ತು.

ನಾಲ್ಕನೆಯ ದಿನ ಬೆಳಗ್ಗೆ ಅವಳು ಸ್ನಾನ ಮಾಡಿದಳು. ಇಂದಿಗೆ ನಾಲಗೆ ಮುಗಿಯಬಹುದು ಎಂದುಕೊಂಡು, ಹೇಳಬೇಕೆನಿಸಿದ್ದನ್ನೆಲ್ಲ ಒಮ್ಮೆ ಹೇಳಿದಳು. ಸಾಕಿದ ಆಡನ್ನು ಹೆಸರು ಹಿಡಿದು ಕರೆದಳು. ಪಕ್ಕದ ಮನೆಯವಳಿಗೆ, "ನಿನ್ನ ಕೈಯಾಗಿನ ಪುಂಡಿಪಲ್ಯದ ರುಚಿ ನನ್ನ ಕೈಗೆ ಒಂದಿನಾನೂ ಬರಲಿಲ್ಲ ನೋಡು," ಎಂದಳು. ಆಮೇಲೆ ಒಳಗೆ ಹೋಗಿ, ಬದುಕಿದ್ದಾಗ ಒಮ್ಮೆಯೂ ಬಾಯಿಬಿಟ್ಟು ಹೇಳದಿದ್ದ ಗಂಡನ ಹೆಸರನ್ನು ಗಟ್ಟಿಯಾಗಿ ಕೂಗಿದಳು. "ಮಲ್ಲೇಶಿ!" ಅವಳ ಧ್ವನಿಗೆ ಅವಳೇ ನಾಚಿದಳು. ಬಾಗಿಲು ಎಳೆದುಕೊಂಡು ನಡೆದಳು.

ಕಟ್ಟೆಯ ಸುತ್ತ ಊರು ಸೇರಿತ್ತು. ಯಾರೂ ಹತ್ತಿರ ಬರಲಿಲ್ಲ, ಯಾರೂ ದೂರ ಹೋಗಲಿಲ್ಲ. ಮೂವರೂ ನಾಲ್ಕಾಳು ಎತ್ತರದಲ್ಲಿದ್ದರು, ಗದ್ದ ಮಾತ್ರ ಕಾಣುತ್ತಿತ್ತು. ಬೇರೆಯವರನ್ನು ಮೊದಲು ಕೇಳಿದರೆ ತಮ್ಮನನ್ನು ಉಳಿಸಿಕೊಂಡಳು ಎನ್ನುತ್ತಾರೆ ಎಂದು ಬಾಳವ್ವ ಭರಮನ ಪಾದದ ಮುಂದೆ ಹೋಗಿ ನಿಂತಳು. ಕುತ್ತಿಗೆ ಎತ್ತಿದಳು.

"ತಮ್ಮಾ! ತೂಬಿಗೆ ಎಷ್ಟು ಮೆಟ್ಟಲ ಅದಾವು?"

ಡಂಗುರದವನ ಕೋಲು ಕೈಯಲ್ಲೇ ನಿಂತಿತು. ಊರು ಬಾಳವ್ವನ ಬಾಯನ್ನೇ ನೋಡಿತು. ಅವಳು ನಾಲಗೆಯಿಂದ ಹಲ್ಲನ್ನು ಮುಟ್ಟಿ ನೋಡಿದಳು. ಇತ್ತು. ತುಟಿ ಸವರಿ ನೋಡಿದಳು. ಇತ್ತು.

"ಐತಿ," ಎಂದಳು, ತನಗೇ ಆಶ್ಚರ್ಯವಾಗಿ. ಮತ್ತೆ ಊರ ಕಡೆ ತಿರುಗಿ ಕೂಗಿದಳು, "ನಾಲಗಿ ಐತ್ರೋ!"

ಆಗ ಮೇಲಿನಿಂದ ಭರಮನ ಧ್ವನಿ ಬಂತು, ಸಣ್ಣದಾಗಿ, ನಿದ್ದೆಯಿಂದ ಎದ್ದವನ ಹಾಗೆ. "ಗೊತ್ತಿಲ್ಲ ಯಕ್ಕಾ. ನಾನು ಒಮ್ಮೆನೂ ಇಳದಿಲ್ಲ."

ಹೇಳುತ್ತಿದ್ದಂತೆಯೇ ಅವನು ಒಂದಾಳು ಕೆಳಗೆ ಬಂದ. ಊರು ಕಣ್ಣಾರೆ ನೋಡಿತು. ನಾಲ್ಕಾಳು ಇದ್ದವನು ಮೂರಾಳು ಆದ. ಅವನ ಮೂಗು ಕಂಡಿತು, ಮೂಗಿನ ಮೇಲಿನ ಬೆವರು ಕಂಡಿತು.

ಗುಂಪಿನ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಅಗಸೆಬಾಗಿಲ ಮುದುಕ ಕೋಲೂರಿಕೊಂಡು ಬರುತ್ತಿದ್ದ. ಜನ ದಾರಿ ಬಿಟ್ಟರು. ಅವನು ಬಾಯಿ ತೆರೆದ. ತುಕ್ಕು ಹಿಡಿದ ಕದದ ಹಾಗೆ ಕಿರುಗುಟ್ಟುವ ಧ್ವನಿ ಹೊರಗೆ ಬಂತು.

"ನಂದೂ ಬಿದ್ದಿದ್ದಿಲ್ಲವ್ವಾ."

ಹೆಂಗಸರು ಬಾಯಿಗೆ ಸೆರಗು ಹಿಡಿದರು.

"ಅವತ್ತು ಕೇಳಿದೆ. ಏನೂ ಆಗಲಿಲ್ಲ. ಆದ್ರ ಎಲ್ಲಾರೂ ನನ್ನ ಬಾಯಿ ನೋಡಾಕ ಹತ್ತಿದ್ರು, ಈಗ ಬೀಳ್ತೈತಿ, ಈಗ ಬೀಳ್ತೈತಿ ಅಂತ. ನನಗೂ ಹಂಗ ಅನಿಸ್ತು. ಹೆದರಿ ಮುಚ್ಚಿದೆ. ಒಂದು ದಿನ ಮುಚ್ಚಿದ್ದು... ನಲವತ್ತು ವರ್ಷ ಆತು." ಅವನು ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. "ಇನ್ನೊಮ್ಮೆ ಕೇಳಲ್ಯಾ?"

"ಕೇಳಪ್ಪಾ," ಎಂದಳು ಬಾಳವ್ವ.

ಮುದುಕ ಬಲೆಯವಳ ಒಡೆದ ಹಿಮ್ಮಡಿಯ ಮುಂದೆ ನಿಂತು ಕೇಳಿದ. "ತಾಯೀ, ತೂಬಿಗೆ ಎಷ್ಟು ಮೆಟ್ಟಲ?"

"ಹದಿನೆಂಟು," ಎಂದು ಮೇಲಿನಿಂದ ತಕ್ಷಣ ಉತ್ತರ ಬಂತು. "ಹದಿನೈದನೇದು ಮುರದೈತಿ, ಕಾಲು ನೋಡಿ ಇಡಬೇಕು. ಕೆಳಗ ಪಾಚಿ ಐತಿ."

ಅವಳೂ ಒಂದಾಳು ಇಳಿದಳು.

ಅಂದಿನಿಂದ ಮೂರು ದಿನ ಊರು ಕೇಳಿತು. ಬೆಳಗ್ಗೆ ಕೇಳಿತು, ಮಧ್ಯಾಹ್ನ ಕೇಳಿತು. ಒಬ್ಬರನ್ನು ಏನು ಕೇಳಿದರೋ ಮೂವರನ್ನೂ ಅದನ್ನೇ ಕೇಳಬೇಕು, ಅದೇ ಮಾತಿನಲ್ಲಿ ಕೇಳಬೇಕು ಎಂದು ಬಾಳವ್ವ ಹಟ ಹಿಡಿದಳು. ಇರುಳು ಕಳೆದರೆ ನಿಂತವರು ಒಂದಾಳು ಬೆಳೆದಿರುತ್ತಿದ್ದರು. ಹಗಲು ಉತ್ತರ ಹೇಳಿ ಹೇಳಿ ಇಳಿಯುತ್ತಿದ್ದರು. ಬಲೆಯವಳು ಕಟ್ಟೆಯ ಮೇಲೆ ಎಲ್ಲರ ಹಾಗೆ ಒಂದಾಳು ಎತ್ತರಕ್ಕೆ ಬಂದು ನಿಂತ ದಿನ ಊರು ಅವಳ ಮುಖ ನೋಡಿತು. ಬಿಸಿಲಿಗೆ ಕಪ್ಪಾದ ಮುಖ, ಕಣ್ಣಂಚಿನಲ್ಲಿ ನೀರು ನೋಡಿ ನೋಡಿ ಬಿದ್ದ ಗೆರೆಗಳು.

"ನಿನ್ನ ಹೆಸರೇನವ್ವಾ?" ಎಂದು ಹಪ್ಪಳದ ಅಜ್ಜಿ ಕೇಳಿದಳು.

"ಯಂಕವ್ವ. ಇಷ್ಟು ವರ್ಷ ಆತು, ಯಾರೂ ಕೇಳಿದ್ದಿಲ್ಲ ಬಿಡ್ರಿ."

ಒದ್ದೆ ಗೆರೆಯ ಬಗ್ಗೆ ಕೇಳಿದಾಗ ಯಂಕವ್ವ ಬೆರಳು ಮಡಚಿ ಮಡಚಿ ಹೇಳಿದಳು. ಮೆತ್ತಿದ ಮಣ್ಣು ಬರೀ ಮರಳು. ಅದನ್ನು ಬಗೆದು ತೆಗೆದು ಜೇಡಿಮಣ್ಣು ತುಂಬಿ, ದನ ತುಳಿಸಿ, ಮೇಲೆ ಕಲ್ಲು ಕಟ್ಟಬೇಕು. ಮೂರು ಕೇರಿಯೂ ಬಂದರೆ ನಲವತ್ತು ದಿನದ ಕೆಲಸ. ನೀರು ಕಡಿಮೆಯಾದರೆ ಯಾರಿಗೆ ಮೊದಲು ಎಂಬ ಪ್ರಶ್ನೆಗೆ ಮಾತ್ರ ಅವಳು ತಲೆ ಕೆರೆದುಕೊಂಡಳು. "ಪಾಳಿ ಹಾಕೂದು ನನಗ ತಿಳಿಯಂಗಿಲ್ಲ. ತಿಳದವರನ್ನ ಕೂಡಿಸಿ ಕೇಳ್ತೀನಿ. ಬೀಗರಿಗೆ ಮೊದಲು ಅನ್ನೂ ಭಯ ಇಲ್ಲ, ನನಗ ಬೀಗರ ಇಲ್ಲ." ಜನ ನಕ್ಕರು.

ಚಡಾವಿನವನು ಉತ್ತರ ಹೇಳಲಿಲ್ಲ. ಬಾಳವ್ವ ಅವನನ್ನು ಮೂರು ದಿನವೂ ಕೇಳಿದಳು, ಗಂಟಲು ಬೀಳುವ ತನಕ ಕೇಳಿದಳು. ಅವನ ಕೊರಳ ಹಾರದಿಂದ ಒಂದು ಸೇವಂತಿಗೆ ಹೂ ಕೆಳಗೆ ಬಿತ್ತು, ಅಷ್ಟೇ. ಅವನು ಏಳಾಳು ಎತ್ತರಕ್ಕೆ ಹೋದ.

ಏಳನೆಯ ದಿನ ಬಾಳವ್ವ ಮಡಕೆಗಳ ಮುಂದೆ ಕೂತಳು. ಇಷ್ಟು ವರ್ಷ ಬರಿಮೈಯಲ್ಲಿ ಇರುತ್ತಿದ್ದ ಬೀಜದ ಮಡಕೆಗಳ ಸುತ್ತ, ಕೆಮ್ಮಣ್ಣು ಸುಣ್ಣ ಹಿಡಿದು ಉತ್ತರಗಳನ್ನು ಬರೆದಳು. ಓದು ಬಂದವರಿಗೆ ಅಕ್ಷರ, ಬಾರದವರಿಗೆ ಚಿತ್ರ. ಮಡಕೆಯ ಸುತ್ತ ಒಂದು ಸುತ್ತು ಹಾಕಿದರೆ ಆ ಮನುಷ್ಯ ಏನು ಹೇಳಿದ ಎಂಬುದೆಲ್ಲ ಕಣ್ಣಿಗೆ ಬೀಳಬೇಕು. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಒಂದು ಗೆರೆಯನ್ನೂ ಎಳೆಯಲಿಲ್ಲ. ಯಂಕವ್ವನ ಮಡಕೆಯ ಮೇಲೆ ಹದಿನೆಂಟು ಮೆಟ್ಟಿಲು ಬಂತು, "ಪಾಳಿ ಗೊತ್ತಿಲ್ಲ" ಎಂಬುದೂ ಅಷ್ಟೇ ದಪ್ಪಗೆ ಬಂತು. ಚಡಾವಿನವನ ಮಡಕೆಯನ್ನು ಖಾಲಿ ಬಿಟ್ಟಳು.

"ಇದ್ಯಾಕ ಖಾಲಿ?" ಎಂದು ಡಂಗುರದವನು ಸಿಟ್ಟಿನಿಂದ ಕೇಳಿದ.

"ಅವರು ಹೇಳಿಲ್ಲ. ನಾನು ಹೆಂಗ ಬರೀಲಿ? ಜಾಗ ಇಟ್ಟೀನಿ. ಹೇಳಿದ ಗಳಿಗಿ ಬರೀತೀನಿ."

ಅಷ್ಟರಲ್ಲಿ ಭರಮ ಕಟ್ಟೆಯ ಅಂಚಿಗೆ ಬಂದು ಬಗ್ಗಿದ. ಅವನೂ ಒಂದಾಳಿಗೆ ಇಳಿದಿದ್ದ. ತನ್ನ ಮಡಕೆ ನೋಡಿ ಅವನ ಮುಖ ಕೆಂಪಾಯಿತು. ಅಲ್ಲಿ ಬರೆದಿತ್ತು: ತೂಬಿಗೆ ಇಳಿದಿಲ್ಲ. ಒದ್ದೆ ಗೆರೆ ನೋಡಿಲ್ಲ. ನೀರು ಮೊದಲು ನಮ್ಮ ನಡುವಿನ ಕೇರಿಗೆ.

"ಯಕ್ಕಾ, ಸ್ವಲ್ಪ ಚಲೋ ಮಾಡಿ ಬರಿ. 'ಇಳೀತೀನಿ' ಅಂತ ಬರಿ."

"ನೀ ಹಂಗ ಅಂದಿದ್ದಿಲ್ಲ."

"ನಾನು ನಿನ್ನ ಒಡಹುಟ್ಟಿದವ ಹೌದೋ ಅಲ್ಲೋ? ನಿನ್ನ ಬೆನ್ನ ಮ್ಯಾಲ ಬೆಳದವ ನಾನು!"

ಬಾಳವ್ವ ಕುಂಚ ಕೆಳಗಿಟ್ಟು ಅವನ ಕಡೆ ತಿರುಗಿದಳು. "ಹೌದಪ್ಪ. ಅದಕ್ಕ ನಿನ್ನ ಮಡಕಿ ಮೊದಲು ಬರದೆ. ಇದನ್ನ ಬದಲು ಮಾಡಿದ್ರ, ಉಳಿದ ಎರಡೂ ಮಡಕಿ ಯಾರು ನಂಬ್ತಾರ ಹೇಳು?"

ಅವನು ಮುಖ ತಿರುಗಿಸಿದ. ಅವಳು ಬರೆದದ್ದನ್ನು ಅಳಿಸಲಿಲ್ಲ. ಆದರೆ ಅಂದು ಊಟ ಸೇರಲಿಲ್ಲ ಅವಳಿಗೆ.

ಊರಿಗೆ ಆ ಮಾತು ತಲುಪಿತು. ತಮ್ಮನದ್ದನ್ನೂ ಇದ್ದ ಹಾಗೆ ಬರೆದಳಂತೆ ಎಂದು ಮೂರು ಕೇರಿಯವರೂ ಮಡಕೆ ನೋಡಲು ಬಂದರು. ಮಡಕೆಯ ಸುತ್ತ ಸುತ್ತಿದರು. ಓದು ಬಂದವರು ಬಾರದವರಿಗೆ ಓದಿದರು. ಕುರುಡಿಯೊಬ್ಬಳ ಬೆರಳನ್ನು ಮೊಮ್ಮಗಳು ಹಿಡಿದು ಗೆರೆಗಳ ಮೇಲೆ ಆಡಿಸಿದಳು. ಮೇಲಿನ ಕೇರಿಯವರು ಖಾಲಿ ಮಡಕೆಯ ಮುಂದೆ ಬಹಳ ಹೊತ್ತು ನಿಂತರು.

ಎಂಟನೆಯ ದಿನ ನಡುಮಧ್ಯಾಹ್ನ, ಊರು ಉಣ್ಣುತ್ತಿದ್ದಾಗ, ಡಂಗುರದವನು ಬಂದು ಮೂರೂ ಮಡಕೆಗಳನ್ನು ಕೋಲಿನಿಂದ ಒಡೆದು ಹಾಕಿದ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮೂವತ್ತು ವರ್ಷ ಒಂದೇ ಮಾತು ಸಾರಿದವನು ಅವನು. ಅದು ಸುಳ್ಳಾದರೆ ತಾನು ಏನು ಎಂದು ಅವನಿಗೆ ತಿಳಿಯಲಿಲ್ಲ.

ಸದ್ದು ಕೇಳಿ ಬಾಳವ್ವ ಓಡಿ ಬಂದಳು. ಕೆಂಪು ಬಿಳಿ ಚೂರುಗಳ ನಡುವೆ ಕುಸಿದು ಕೂತಳು. ಹೊಸ ಮಡಕೆ ತಟ್ಟಿ, ಆರಿಸಿ, ಸುಡಲು ಹತ್ತು ದಿನವಾದರೂ ಬೇಕು. ಬೀಜ ಹಾಕುವುದು ನಾಳೆ. "ಮುಗೀತು," ಎಂದಳು. ಅಷ್ಟೂ ದಿನದಲ್ಲಿ ಅವಳು ಸೋತು ಕೂತಿದ್ದು ಅದೊಂದು ಗಳಿಗೆ.

ಹಪ್ಪಳದ ಅಜ್ಜಿ ಸೊಂಟದ ಮೇಲೆ ತನ್ನ ಮನೆಯ ನೀರಿನ ಮಡಕೆ ಇಟ್ಟುಕೊಂಡು ಬಂದಳು. ಅದರೊಳಗಿನ ನೀರನ್ನು ಬೇವಿನ ಗಿಡಕ್ಕೆ ಸುರಿದು, ಮಡಕೆಯನ್ನು ಕಟ್ಟೆಯ ಮುಂದೆ ಇಟ್ಟಳು. ನೇಕಾರ ಇನ್ನೊಂದು ತಂದ. ಮಕ್ಕಳನ್ನು ಕಳೆದುಕೊಂಡ ತಾಯಿ ಮತ್ತೊಂದು ತಂದಳು. ಮೂರು ಕೇರಿಯಿಂದ ಮೂರು ಮಡಕೆ. ಯಾರೋ ಸುಣ್ಣ ಬಳಿದರು. ಬಾಳವ್ವ ಕುಂಚ ಹಿಡಿಯುವ ಮೊದಲೇ ಅಜ್ಜಿ ಹಿಡಿದಿದ್ದಳು.

"ಏನು ಬರೀಬೇಕು ಹೇಳ್ರೋ!"

ಊರು ಹೇಳಿತು. "ಹದಿನೆಂಟು ಮೆಟ್ಟಲ!" "ಹದಿನೈದನೇದು ಮುರದೈತಿ!" "ನಲವತ್ತು ದಿನ!" ಒಬ್ಬ "ಐವತ್ತು" ಎಂದ, ನಾಲ್ಕು ಜನ ಅವನ ಮೇಲೆ ಬಿದ್ದು ನಲವತ್ತೇ ಮಾಡಿಸಿದರು. ಬಾಳವ್ವ ಪಕ್ಕದಲ್ಲಿ ನಿಂತು ನೋಡಿದಳು. ಅವಳು ಒಂದು ಮಾತನ್ನೂ ಸೇರಿಸಬೇಕಾಗಲಿಲ್ಲ.

ಭರಮನ ಮಡಕೆಗೆ ಬಂದಾಗ ಜನ ಅವಳ ಮುಖ ನೋಡಿ ಸ್ವಲ್ಪ ಹಿಂಜರಿದರು. ನೇಕಾರ ಮೆಲ್ಲಗೆ ಹೇಳಿದ, "ನೀರು ಎಲ್ಲಾರಿಗೂ ಸಮ ಅಂದಿದ್ದ ಅಂತ ಕಾಣ್ತೈತಿ. ಹಂಗ ಬರೀರಿ."

"ಇಲ್ಲ."

ಭರಮ ಕಟ್ಟೆಯ ಮೇಲಿಂದ ಮಾತಾಡಿದ್ದ. "ನಮ್ಮ ಕೇರಿಗೆ ಮೊದಲು ಅಂದಿದ್ದೆ. ಎಲ್ಲಾರೂ ಕೇಳೀರಿ. ನಮ್ಮಕ್ಕ ಹೆಂಗ ಬರದಿದ್ಲೋ ಹಂಗ ಬರೀರಿ." ಮತ್ತೆ ಸೇರಿಸಿದ, "ನಾನು ತೂಬು ನೋಡಿದೋನಲ್ಲ. ನೋಡದ ನಿಂತದ್ದು ತಪ್ಪು. ಈಗ ಅಷ್ಟ ಹೇಳಬಲ್ಲೆ."

"ಹಂಗಾರ ಅದನ್ನೂ ಬರೀತೀನಿ," ಎಂದಳು ಅಜ್ಜಿ, ಕುಂಚ ಅದ್ದುತ್ತ.

ಬಾಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಒಂಬತ್ತನೆಯ ದಿನ ಸೂರ್ಯ ಏರುವ ಮುಂಚೆಯೇ ಸಾಲು ಅಗಸೆಬಾಗಿಲು ದಾಟಿತ್ತು. ಹಾಸಿಗೆ ಹಿಡಿದವರನ್ನು ಹೊರಸಿನ ಮೇಲೆ ಹೊತ್ತು ತಂದರು. ಚಡಾವಿನವನು ಒಂಬತ್ತಾಳು ಎತ್ತರದಲ್ಲಿ ಹೊಳೆಯುತ್ತಿದ್ದ. ಅವನ ಪಾದಕ್ಕೆ ಅಂದು ಹಣೆ ಹಚ್ಚಿದವರೂ ಇದ್ದರು, ಯಾರೂ ಅವರನ್ನು ತಡೆಯಲಿಲ್ಲ. ಪ್ರತಿಯೊಬ್ಬರೂ ಮಡಕೆಗಳನ್ನು ಸುತ್ತಿದರು, ಇಳಿದು ನಿಂತವರ ಮುಖ ನೋಡಿದರು, ಬಟ್ಟೆಯೊಳಗೆ ಕೈಯಿಟ್ಟರು. ಬಾಳವ್ವ ಬೀಜ ಹಾಕಿ ಬಂದಾಗ ಪಕ್ಕದ ಮನೆಯವಳು ಕಿವಿಯಲ್ಲಿ ಕೇಳಿದಳು, "ಯಾರಿಗೆ ಹಾಕಿದಿ?"

"ಎಲ್ಲಾ ಕೇಳು. ಅದನ್ನೊಂದು ಕೇಳಬ್ಯಾಡ."

ಸಂಜೆಯ ಬಿಸಿಲಿನಲ್ಲಿ ಬೀಜಗಳನ್ನು ಕಂಬಳಿಯ ಮೇಲೆ ಸುರಿದರು. ಗುಡ್ಡೆಗಳನ್ನು ನೋಡಿದರೇ ಸಾಕಾಗಿತ್ತು, ಎಣಿಸಬೇಕಾಗಿರಲಿಲ್ಲ, ಆದರೂ ಎಣಿಸಿದರು. ಯಂಕವ್ವ ಗೆದ್ದಿದ್ದಳು. ಚಡಾವಿನವನ ಗುಡ್ಡೆ ಒಂದು ಬೊಗಸೆ. ಭರಮನ ಗುಡ್ಡೆ ಅದಕ್ಕಿಂತ ದೊಡ್ಡದು. ತಪ್ಪು ಒಪ್ಪಿಕೊಂಡವನಿಗೆ ಊರು ಅಷ್ಟು ಕೊಟ್ಟಿತ್ತು. ಸಾರಬೇಕಾದವನು ಡಂಗುರದವನು. ಅವನು ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿದ್ದ. ಬಾಳವ್ವ ಅವನ ಹತ್ತಿರ ಹೋದಳು.

"ಸಾರಪ್ಪಾ. ನಿನ್ನಂಥಾ ಗಂಟಲ ಊರಾಗ ಇನ್ನೊಂದಿಲ್ಲ."

"ಮಡಕಿ ಒಡದೋನು ನಾನು."

"ಗೊತ್ತೈತಿ. ಸಾರು."

ಅವನು ಸಾರಿದ. ಮೊದಲು ಧ್ವನಿ ಒಡೆಯಿತು, ಆಮೇಲೆ ಕೂಡಿಕೊಂಡಿತು, ಆಮೇಲೆ ಮೂರು ಕೇರಿಯ ಗೋಡೆಗಳೂ ಗುಂಯ್‌ಗುಟ್ಟಿದವು. "ತೂಬಿನ ಕೀಲಿಕೈ ಯಂಕವ್ವಗ! ತೂಬಿನ ಕೀಲಿಕೈ ಯಂಕವ್ವಗ!" ಮುದುಕ ನಲವತ್ತು ವರ್ಷದ ಬಾಕಿ ಕೂಗನ್ನೆಲ್ಲ ಒಂದೇ ಸಲ ಕೂಗಿದ. ಹೆಂಗಸರು ಕೈಕೈ ಹಿಡಿದು ಕಟ್ಟೆಯ ಸುತ್ತ ಕುಣಿದರು.

ಚಡಾವಿನವನು ಮಾತ್ರ ಇನ್ನೂ ಮೇಲೆಯೇ ಇದ್ದ. ಇಳಿಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅವನ ತಾಯಿ ಬಂದು ಚಡಾವಿನ ಮೇಲೆ ಕೈಯಿಟ್ಟು ತಲೆ ಎತ್ತಿ ಕೇಳಿದಳು, "ಮಗಾ, ಹಸಿವಿ ಆಗೇತೇನು?"

"ಹೂಂ ಅವ್ವಾ, ಭಾಳ ಆಗೇತಿ," ಎಂದು ಮೇಲಿನಿಂದ ಅಳುವ ಧ್ವನಿ ಬಂತು. ಒಂದಾಳು ಇಳಿದ. ರೊಟ್ಟಿ ಬೇಕೋ ಅನ್ನ ಬೇಕೋ, ಕಾಲು ನೋಯುತ್ತದೆಯೋ, ಮೇಲೆ ಚಳಿಯೋ ಎಂದು ತಾಯಿ ಒಂದೊಂದೇ ಕೇಳಿ ಮಗನನ್ನು ನೆಲಕ್ಕೆ ಇಳಿಸಿಕೊಂಡಳು. ಊರು ನಗಲಿಲ್ಲ. ಅವನ ಮುಖವನ್ನು ಹತ್ತಿರದಿಂದ ನೋಡಿದವರಿಗೆ ಇವನು ಇನ್ನೂ ಸಣ್ಣ ವಯಸ್ಸಿನವನು ಎಂದು ಆಗ ತಿಳಿಯಿತು.

ಮರುದಿನ ಯಂಕವ್ವ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹದಿನೆಂಟು ಮೆಟ್ಟಿಲು ಇಳಿದಳು. ಭರಮ ಅವಳ ಹಿಂದೆ ಇಳಿದ, ಹದಿನೈದನೆಯ ಮೆಟ್ಟಿಲು ನೋಡಿ ಕಾಲಿಟ್ಟ. ನಲವತ್ತು ದಿನ ಮೂರು ಕೇರಿ ಏರಿಯ ಮೇಲೆ ದುಡಿಯಿತು. ಮರಳು ಬಗೆದರು, ಜೇಡಿ ತುಂಬಿದರು, ದನ ತುಳಿಸಿದರು. ಯಾವ ಜೇಡಿ ನೀರು ತಡೆಯುತ್ತದೆ ಎಂದು ಬಾಳವ್ವ ಬೆರಳಿನಲ್ಲಿ ಹಿಸುಕಿ ನೋಡಿ ಹೇಳುತ್ತಿದ್ದಳು. ಅವಳು ಬೇಡವೆಂದ ಮಣ್ಣನ್ನು ಯಾರೂ ಹಾಕಲಿಲ್ಲ. ಚಡಾವಿನವನು ಬರಿಗಾಲಿನಲ್ಲಿ ಬಂದು ಕಲ್ಲು ಹೊತ್ತ. ನೀರಿನ ಪಾಳಿಯನ್ನು ಹಪ್ಪಳದ ಅಜ್ಜಿ, ನೇಕಾರ, ಮುದುಕ ಮೂವರೂ ಕೂತು ಜಗಳವಾಡಿ ಜಗಳವಾಡಿ ಕಟ್ಟಿದರು. ನಲವತ್ತೊಂದನೆಯ ದಿನ ಗೆರೆ ಇದ್ದ ಜಾಗದಲ್ಲಿ ಬಾಳವ್ವ ಅಂಗೈ ಒತ್ತಿ ನೋಡಿದಳು. ಒಣಗಿತ್ತು.

ಆ ವರ್ಷದ ಮಳೆ ಯಾರೂ ಕಂಡಿರದ ಮಳೆ. ಏಳು ದಿನ ಸುರಿಯಿತು. ಕೆರೆ ಏರಿತು, ಇನ್ನೂ ಏರಿತು. ಯಂಕವ್ವ ತೂಬು ತೆರೆದಳು, ಬೇಕಾದಷ್ಟು ಬಿಟ್ಟಳು, ಮುಚ್ಚಿದಳು, ಮತ್ತೆ ತೆರೆದಳು. ಎಂಟನೆಯ ದಿನ ಬೆಳಗ್ಗೆ ಮೋಡ ಹರಿದು ಬಿಸಿಲು ಬಿದ್ದಾಗ ಡಂಗುರದವನು ಓಡುತ್ತ ಬಂದ.

"ಕೆರಿ ಕೋಡಿ ಬಿತ್ರೋ! ಕೋಡಿ ಬಿತ್ತು!"

ಮೂರು ಕೇರಿಯೂ ಏರಿ ಹತ್ತಿತು. ತುಂಬಿದ ಕೆರೆ ತುಳುಕಿ, ಹರಿಯಬೇಕಾದ ಕೋಡಿಯ ಕಲ್ಲಿನ ಮೇಲೆ ಹಾಲಿನಂತೆ ಬಾಗಿ ಹಳ್ಳದ ಕಡೆಗೆ ಬೀಳುತ್ತಿತ್ತು. ಹೆಂಗಸರು ಮೊರದಲ್ಲಿ ಬಾಗಿನ ತಂದು ನೀರಿಗೆ ಬಿಟ್ಟರು. ಬಾಳವ್ವ ಹಿಂತಿರುಗಿ ಕೆಳಗಿನ ಕೇರಿಯನ್ನು ನೋಡಿದಳು. ಮನೆಗಳ ಮೇಲೆ ಒಲೆಯ ಹೊಗೆ ಏಳುತ್ತಿತ್ತು. ಅಂಗಳಗಳಲ್ಲಿ ಕೋಳಿಗಳು ಕೆದಕುತ್ತಿದ್ದವು. ತಮ್ಮ ಅವಳ ಪಕ್ಕಕ್ಕೆ ಬಂದು ನಿಂತ, ಭುಜಕ್ಕೆ ಭುಜ ತಾಗಿಸಿದ.

ಯಂಕವ್ವ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಕೋಡಿಯ ಕಲ್ಲನ್ನು ತಟ್ಟಿ ನೋಡುತ್ತಿದ್ದಳು. ಏರಿಯ ಮೇಲಿದ್ದವರ ಕಡೆ ತಿರುಗಿ, ನೀರಿನ ಸದ್ದಿಗೂ ಮೀರಿ ಕೂಗಿದಳು:

"ಈ ಕಲ್ಲು ಸಡಲ ಆಗೇತಿ! ನೀರು ಇಳದ ಮ್ಯಾಲ ಬದಲು ಮಾಡೂಣು. ಯಾರ್ಯಾರು ಬರ್ತೀರಿ?"

ಏರಿಯ ಈ ತುದಿಯಿಂದ ಆ ತುದಿಯ ತನಕ ಕೈಗಳು ಎದ್ದವು.